ಬೆನ್ನ ಮೇಲೆ ಹಿಮ ಹೊತ್ತ ಮರಿ

ಇವತ್ತು ಊಟದ ಹೊತ್ತಿಗೆ ಮೊಬೈಲಿನಲ್ಲಿ ಒಂದು ಫೋಟೋ ನೋಡಿದೆ. ಆಗಿನಿಂದ ತಲೆಯಲ್ಲೇ ಕೂತಿದೆ.

ಬರ್ಡ್ ಐಲೆಂಡ್. ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ಸೌತ್ ಜಾರ್ಜಿಯಾದ ತುದಿಯಲ್ಲಿರುವ ಪುಟ್ಟ ದ್ವೀಪ. ನಮ್ಮಲ್ಲಿ ಮುಂಗಾರು ಹಿಡಿದಾಗ ಅಲ್ಲಿ ಚಳಿಗಾಲ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆ ಎಂಬ ಸಂಶೋಧನಾ ಸಂಸ್ಥೆಯ ನಾಲ್ಕೇ ಜನ ಉಳಿದಿರುತ್ತಾರೆ.

ಫೋಟೋದಲ್ಲಿರುವುದು ವಾಂಡರಿಂಗ್ ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಯ ಮರಿ. ಮಣ್ಣು, ಹುಲ್ಲು ಸೇರಿಸಿ ಕಟ್ಟಿದ ಗೂಡಿನ ಮೇಲೆ ಒಂದೇ ಕೂತಿದೆ. ಮೈತುಂಬ ಬೂದು ತುಪ್ಪಳ. ಬೆನ್ನ ಮೇಲೆ ಹಿಮ. ಕೊಕ್ಕು ಮಾತ್ರ ತಿಳಿ ಗುಲಾಬಿ. ಅಪ್ಪ ಅಮ್ಮ ಆಹಾರ ಹುಡುಕಿಕೊಂಡು ಸಮುದ್ರದ ಮೇಲೆ ಎಲ್ಲೋ ದೂರದಲ್ಲಿ. ಇಡೀ ಚಳಿಗಾಲ ಹೀಗೇ ಕಾಯಬೇಕು, ಪಾಪ.

ಆ ನಾಲ್ವರಲ್ಲಿ ಒಬ್ಬರು ಹಿಮ ತುಳಿದುಕೊಂಡು ಗೂಡಿಂದ ಗೂಡಿಗೆ ಹೋಗುತ್ತಾರೆ. ಮರಿ ಬದುಕಿದೆಯಾ ಅಂತ ನೋಡಿ ಬರೆದುಕೊಳ್ಳುತ್ತಾರೆ. ಹಾರುವ ಮೊದಲು ಕಾಲಿಗೆ ನಂಬರ್ ಇರುವ ಉಂಗುರ ಹಾಕುತ್ತಾರೆ.

ಹಾರಿದ ಮರಿ ವರ್ಷಗಟ್ಟಲೆ ಸಮುದ್ರದಲ್ಲೇ ಇರುತ್ತದೆ. ತಾನೇ ಮೊಟ್ಟೆ ಇಡುವಷ್ಟರಲ್ಲಿ ಸುಮಾರು 10 ವರ್ಷ. ಉಂಗುರ ಹಾಕಿದವರು ಅಷ್ಟೊತ್ತಿಗೆ ಯಾವತ್ತೋ ಊರು ಸೇರಿರುತ್ತಾರೆ. ಆ ನಂಬರ್ ಓದುವವರು ಬೇರೆ ಯಾರೋ. ಆದರೂ ಅಷ್ಟು ಜತನದಿಂದ ಬರೆದಿಡುತ್ತಾರಲ್ಲ, ಎಂಥ ಪ್ರೀತಿ ಇರಬೇಕು ಅಲ್ವಾ?

1960ರ ದಶಕಕ್ಕೆ ಹೋಲಿಸಿದರೆ ಅಲ್ಲಿನ ಈ ಹಕ್ಕಿಗಳು ಅರ್ಧಕ್ಕರ್ಧ ಕಡಿಮೆಯಾಗಿವೆ. ಮೀನಿಗೆ ಬಿಡುವ ಉದ್ದದ ಗಾಳದ ಸಾಲುಗಳಲ್ಲಿನ ಎರೆಗೆ ಬಾಯಿ ಹಾಕಿ, ಸಿಕ್ಕಿ ಮುಳುಗಿ ಸಾಯುತ್ತವೆ. ವರ್ಷ ವರ್ಷ ಯಾರೋ ಗೂಡು ಎಣಿಸಿದ್ದಕ್ಕೇ ಹಕ್ಕಿಗಳು ಕಡಿಮೆಯಾಗಿದ್ದು ಗೊತ್ತಾಗಿದ್ದು. ಇವು ಹೆಚ್ಚಾಗಿ ಹಗಲಲ್ಲೇ ಆಹಾರ ಹುಡುಕುವುದರಿಂದ, ಈಗ ಸೌತ್ ಜಾರ್ಜಿಯಾ ಸುತ್ತ ರಾತ್ರಿ ಹೊತ್ತೇ ಗಾಳ ಬಿಡಬೇಕೆಂಬ ನಿಯಮವಿದೆ. ದೂರದ ಸಮುದ್ರಗಳಲ್ಲೂ ಇದು ಬರಬೇಕು, ಬೇಗ ಬರಬೇಕು.