ಮೋಶಿಗೆ ಸ್ವಯಂಸೇವೆಗೆ ಹೊರಟಿದ್ದೀರಾ? ಮೊದಲ ವಾರಕ್ಕೆ ಇಷ್ಟು ಗೊತ್ತಿರಲಿ

ತಾಂಜಾನಿಯಾದ ಮೋಶಿ ಕಿಲಿಮಂಜಾರೊ ಬೆಟ್ಟದ ಬುಡದಲ್ಲಿರುವ ಊರು. ಬೆಟ್ಟ ಹತ್ತುವವರ ಜೊತೆಗೆ ಶಾಲೆ, ಆಸ್ಪತ್ರೆ, ಮಹಿಳಾ ಸಂಘಗಳಲ್ಲಿ ಕೆಲಸ ಮಾಡಲು ಬರುವ ಸ್ವಯಂಸೇವಕರೂ ಇಲ್ಲಿ ಜಾಸ್ತಿ. ಹೆಚ್ಚಿನವರು ಯುರೋಪ್, ಅಮೆರಿಕದವರು. ಹಾಗಾಗಿ ಸಂಸ್ಥೆಗಳು ಕಳಿಸುವ ಸೂಚನೆಗಳೂ ಅವರಿಗಾಗಿಯೇ ಬರೆದಂಥವು. ಬಕೆಟ್ ನೀರಲ್ಲಿ ಸ್ನಾನ ಮಾಡುವುದು ಹೇಗೆ, ಕರೆಂಟ್ ಹೋದರೆ ಏನು ಮಾಡುವುದು ಅಂತ ಪುಟಗಟ್ಟಲೆ ಇರುತ್ತದೆ. ನಮಗೆ ಅದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ನಮಗೆ ಬೇಕಾದ ಕೆಲವು ವಿಷಯ ಅದರಲ್ಲಿ ಇರುವುದಿಲ್ಲ. ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೋಗಿ ಬಂದ ಮೇಲೆ ಅವನ್ನು ಬರೆದಿಡೋಣ ಅನ್ನಿಸಿತು.

ಮೊದಲು ವೀಸಾ. ಪ್ರವಾಸಿ ವೀಸಾ ಸುತ್ತಾಡುವುದಕ್ಕೆ ಮಾತ್ರ. ಸಂಬಳ ಇಲ್ಲದಿದ್ದರೂ ಸ್ವಯಂಸೇವೆಯನ್ನು ಅಲ್ಲಿ ಕೆಲಸ ಅಂತಲೇ ಲೆಕ್ಕ ಹಾಕುತ್ತಾರೆ. ಅದಕ್ಕೆ ಬೇರೆ ಪರವಾನಗಿ ಬೇಕು, ಅದನ್ನು ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯೇ ಮಾಡಿಸಬೇಕು. 'ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ' ಎನ್ನುವ ಸಂಸ್ಥೆಯ ಸಹವಾಸವೇ ಬೇಡ.

ಎರಡನೆಯದು ಹಳದಿ ಜ್ವರದ ಲಸಿಕೆ. ಬೆಂಗಳೂರಿನಿಂದ ಹೋಗುವವರು ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸಬೇಕಾಗಿ ಬರಬಹುದು. ಹಳದಿ ಜ್ವರ ಇರುವ ಅಂಥ ದೇಶಗಳಲ್ಲಿ 12 ಗಂಟೆ ಮೀರಿ ಕಾದರೆ ತಾಂಜಾನಿಯಾದಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕಿಂತ ದೊಡ್ಡ ತಲೆನೋವು ವಾಪಸ್ ಬರುವಾಗಿನದು. ಹಳದಿ ಜ್ವರ ಇರುವ ದೇಶಗಳಿಂದ ಪ್ರಮಾಣಪತ್ರ ಇಲ್ಲದೆ ಬಂದವರನ್ನು ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡ 10 ದಿನದ ನಂತರವೇ ಅದಕ್ಕೆ ಮಾನ್ಯತೆ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಬ್ಯಾಗ್ ಕಟ್ಟುವಾಗ ಇನ್ನೆರಡು. ನಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿನ ಹೆಚ್ಚಿನ ಸಾಕೆಟ್‌ಗಳಿಗೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿರುವಂಥ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ಪ್ಲಾಸ್ಟಿಕ್ ಕೈಚೀಲಗಳನ್ನು 2019ರ ಜೂನ್‌ನಲ್ಲೇ ನಿಷೇಧಿಸಿದ್ದಾರೆ. ಚಟ್ನಿಪುಡಿ ಪೊಟ್ಟಣವನ್ನು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತುಂಬಬೇಡಿ, ಬಟ್ಟೆ ಚೀಲ ಒಳ್ಳೆಯದು. ಚಟ್ನಿಪುಡಿ ಮಾತ್ರ ಮರೆಯಬೇಡಿ.

ಮತ್ತೆ, ನಿಮ್ಮ ಭಾರತದ ಸಿಮ್‌ಗೆ ಹೊರಡುವ ಮುಂಚೆಯೇ ರೋಮಿಂಗ್ ಹಾಕಿಸಿ. ಮಾತಾಡುವುದಕ್ಕಲ್ಲ, ಬ್ಯಾಂಕಿನ ಓಟಿಪಿ ಬರುವುದಕ್ಕೆ. ಅದು ಬಾರದಿದ್ದರೆ ನಿಮ್ಮ ದುಡ್ಡು ನಿಮ್ಮ ಕೈಗೆ ಸಿಗುವುದಿಲ್ಲ.

ಕಿಲಿಮಂಜಾರೊ ವಿಮಾನ ನಿಲ್ದಾಣ ಮೋಶಿ ಮತ್ತು ಅರುಷಾ ಊರುಗಳ ನಡುವೆ ಇದೆ. ಮೋಶಿಗೆ ಸುಮಾರು ಒಂದು ಗಂಟೆ ದಾರಿ. ಕರೆದುಕೊಂಡು ಹೋಗಲು ಯಾರಾದರೂ ಬರುತ್ತಾರಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಬಂದ ದಿನ ಬೆಟ್ಟ ಕಾಣಲಿಲ್ಲ ಅಂತ ಬೇಜಾರು ಬೇಡ. ಹಗಲೆಲ್ಲ ಮೋಡದಲ್ಲಿ ಮುಚ್ಚಿಕೊಂಡಿರುತ್ತದೆ. ಬೆಳಗ್ಗೆ ಬೇಗ ಎದ್ದರೆ, ಇಲ್ಲವೇ ಸಂಜೆ, ಒಂದಿಷ್ಟು ಹೊತ್ತು ಕಾಣಿಸುತ್ತದೆ.

ಮರುದಿನದ ಮೊದಲ ಕೆಲಸ ಸ್ಥಳೀಯ ಸಿಮ್. ಪಾಸ್‌ಪೋರ್ಟ್ ತೋರಿಸಿ ಬೆರಳಚ್ಚು ಕೊಡಬೇಕು. ರಸ್ತೆ ಬದಿ ಕೊಡೆ ಹಿಡಿದು ಕೂತವರ ಬಳಿ ಹೋಗದೆ ಕಂಪನಿಯ ಅಂಗಡಿಗೇ ಹೋಗಿ. ಅಲ್ಲೇ ಎಂ-ಪೆಸಾದಂಥ ಮೊಬೈಲ್ ಹಣದ ಖಾತೆಯನ್ನೂ ತೆರೆಸಿ. ನಮ್ಮ ಯುಪಿಐ ಇಲ್ಲಿ ನಡೆಯುವುದಿಲ್ಲ. ಇದು ನಡೆಯುತ್ತದೆ, ಮೂಲೆಯಂಗಡಿಯಲ್ಲೂ. ಮನೆಯ ಕರೆಂಟಿಗೂ ಇದೇ ಬೇಕು. ಅಲ್ಲಿ ತಿಂಗಳ ಕೊನೆಗೆ ಬಿಲ್ ಬರುವುದಲ್ಲ, 'ಲುಕು' ಅನ್ನುವ ಮೀಟರ್‌ಗೆ ಮುಂಗಡ ದುಡ್ಡು ಹಾಕಬೇಕು. ಮೊಬೈಲ್‌ನಲ್ಲಿ ಕಟ್ಟಿದರೆ 20 ಅಂಕಿಯ ನಂಬರ್ ಬರುತ್ತದೆ, ಅದನ್ನು ಮೀಟರ್‌ನಲ್ಲಿ ಒತ್ತಬೇಕು. ಕತ್ತಲಾದಾಗ ಬೀದಿಯಲ್ಲೆಲ್ಲ ದೀಪ ಇದ್ದು ನಿಮ್ಮ ಮನೆಯಲ್ಲಿ ಮಾತ್ರ ಇಲ್ಲ ಅಂದರೆ ಮೀಟರ್ ಖಾಲಿ ಅಂತಲೇ ಅರ್ಥ.

ಇನ್ನು ನಮಸ್ಕಾರದ ವಿಷಯ. ನನ್ನ ಪ್ರಕಾರ ಮೊದಲ ವಾರದ ನಿಜವಾದ ಕೆಲಸ ಇದೇ. ಪಾಠ ಎಲ್ಲ ಆಮೇಲೆ. ನಮ್ಮಲ್ಲಿ ಅಂಗಡಿಗೆ ಹೋಗಿ 'ಟೊಮೆಟೊ ಎಷ್ಟು?' ಅಂತ ನೇರವಾಗಿ ಕೇಳುತ್ತೇವೆ. ಅಲ್ಲಿ ಹಾಗೆ ಕೇಳಿದರೆ ಒರಟು ಜನ ಅನ್ನಿಸಿಕೊಳ್ಳುತ್ತೀರಿ. ಮೊದಲು ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ಹಬಾರಿ' (ಹೇಗಿದ್ದೀರಿ) ಅನ್ನಬೇಕು, ಅವರು 'ಎನ್‌ಜೂರಿ' (ಚೆನ್ನಾಗಿದ್ದೇವೆ) ಅನ್ನಬೇಕು, ಮನೆ, ಕೆಲಸ, ಬೆಳಗ್ಗೆ ಎಲ್ಲ ಹೇಗಿದೆ ಅಂತ ಕೇಳಬೇಕು. ಟೊಮೆಟೊ ಆಮೇಲೆ. ವಯಸ್ಸಾದವರಿಗೆ 'ಶಿಕಾಮೋ' ಅನ್ನಲೇಬೇಕು, ಅವರು 'ಮರಹಾಬಾ' ಅನ್ನುತ್ತಾರೆ. ಹುಡುಗರ ಜೊತೆ 'ಮಾಂಬೋ', 'ಪೋವಾ' ಸಾಕು. ಶಿಕ್ಷಕರ ಕೋಣೆಗೆ ಹೋದರೆ ಒಬ್ಬೊಬ್ಬರ ಕೈ ಕುಲುಕಿಯೇ ಕೂರಬೇಕು. ಎಲ್ಲರಿಗೂ ಸೇರಿಸಿ ದೂರದಿಂದ ಕೈ ಬೀಸಿದರೆ ಆಗುವುದಿಲ್ಲ. ಬೆಳಗಿನ ಅವಸರದಲ್ಲಿ ಇದು ಕಷ್ಟವೇ. ಆದರೆ ಈ ಹತ್ತು ನಿಮಿಷ ಕೊಟ್ಟವರಿಗೆ ಸಿಗುವ ಸಹಾಯ ಬೇರೆ ಯಾರಿಗೂ ಸಿಗುವುದಿಲ್ಲ.

ಹೊತ್ತಿನ ಲೆಕ್ಕವೂ ಬೇರೆ. ಸ್ವಾಹಿಲಿಯಲ್ಲಿ ದಿನದ ಎಣಿಕೆ ಶುರುವಾಗುವುದು ಬೆಳಗ್ಗೆ 6ರಿಂದ. ನಮ್ಮ 7 ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಮಧ್ಯಾಹ್ನದ 2 ಅವರಿಗೆ ಎಂಟು. ಗಡಿಯಾರದಲ್ಲಿ ಎದುರಿನ ಅಂಕಿ ನೋಡಿಕೊಂಡರೆ ಆಯಿತು. ಯಾರಾದರೂ ಇಂಗ್ಲಿಷ್‌ನಲ್ಲಿ ಹೊತ್ತು ಹೇಳಿದರೂ ಯಾವ ಲೆಕ್ಕದಲ್ಲಿ ಅಂತ ಒಮ್ಮೆ ಕೇಳಿಬಿಡಿ.

ಊಟಕ್ಕೆ ಹೆದರಬೇಕಿಲ್ಲ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಆದರೆ ನುಂಗಲು ಹೋಗಬೇಡಿ, ಇದನ್ನು ಮುರಿದು ಅದ್ದಿ ಜಗಿಯಬೇಕು. ಮಂಡ್ಯ ಕಡೆಯವರಿಗೆ ಸ್ವಲ್ಪ ಕಷ್ಟ ಆಗಬಹುದು! ಸಸ್ಯಾಹಾರಿಗಳಿಗೆ ಅನ್ನದ ಜೊತೆ ಬೀನ್ಸ್ ಕಾಳು, 'ಮ್‌ಚಿಚಾ' ಅನ್ನುವ ಹರಿವೆ ಸೊಪ್ಪಿನ ಪಲ್ಯ, ಚಪಾತಿ, ಬಾಳೆಹಣ್ಣು, ಅವೊಕಾಡೊ ಧಾರಾಳ. 'ಸಿಲಿ ನ್ಯಾಮಾ', ಅಂದರೆ ಮಾಂಸ ತಿನ್ನುವುದಿಲ್ಲ, ಅಂತ ಕಲಿತುಕೊಳ್ಳಿ. ಮೀನನ್ನು ಕೆಲವರು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದನ್ನೂ ಬೇರೆಯಾಗಿ ಹೇಳಿ. ಖಾರ ಕಡಿಮೆ, ಅದಕ್ಕೇ ಚಟ್ನಿಪುಡಿ.

ಓಡಾಟಕ್ಕೆ ದಾಲಾದಾಲಾ ಅನ್ನುವ ವ್ಯಾನು, ಬಜಾಜಿ ಅನ್ನುವ ನಮ್ಮದೇ ಆಟೊ, ಬೋಡಾಬೋಡಾ ಅನ್ನುವ ಬೈಕು. ಬೈಕಿನಲ್ಲಿ ಹೆಲ್ಮೆಟ್ ಕೊಡದಿದ್ದರೆ ಹತ್ತಬೇಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ. ವ್ಯಾನಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.

ಭಾರತೀಯರಿಗೆ ಒಂದು ವಿಶೇಷ ಇದೆ. ಗುಜರಾತಿ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿವೆ. ಹಾಗಾಗಿ ನಿಮ್ಮನ್ನು ನೋಡಿದ ಕೂಡಲೇ 'ಮುಹಿಂದಿ', ಅಂದರೆ ಭಾರತೀಯ, ಅನ್ನುತ್ತಾರೆ, ಯಾವ ಅಂಗಡಿ ನಿಮ್ಮದು ಅಂತಲೂ ಕೇಳಬಹುದು. ಬೈಗುಳ ಅಂದುಕೊಳ್ಳಬೇಡಿ. ಆದರೆ ವ್ಯಾಪಾರಿಗಳ ಮೇಲಿನ ಹಳೆಯ ಅನುಮಾನವೂ ಅದರ ಹಿಂದೆ ಸ್ವಲ್ಪ ಇರುತ್ತದೆ. 'ಮ್ವಾಲಿಮು', ಶಿಕ್ಷಕ ನಾನು, ಅಂದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಶಾಲೆಯಲ್ಲಿ ಮೊದಲ ದಿನಗಳಲ್ಲಿ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ ನಡೆಯುತ್ತದೆ, ಪ್ರೌಢಶಾಲೆಗೆ ಹೋದ ಕೂಡಲೇ ಇಂಗ್ಲಿಷ್ ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋದವರಿಗೆ ಆ ಮಕ್ಕಳ ಮುಖ ನೋಡಿದರೆ ಏನು ಕಷ್ಟ ಅಂತ ಗೊತ್ತಾಗುತ್ತದೆ. ಬೆತ್ತ ಕಂಡರೆ ಮಕ್ಕಳೆದುರು ಜಗಳಕ್ಕೆ ಇಳಿಯಬೇಡಿ. ನೀವು ಮುಟ್ಟಬೇಡಿ, ಮುಖ್ಯ ಶಿಕ್ಷಕರ ಜೊತೆ ಆಮೇಲೆ ಮಾತಾಡಿ. ಮಕ್ಕಳ ಫೋಟೊ ತೆಗೆದು ಹಾಕುವುದಂತೂ ಬೇಡ. ಕೆಲವೇ ವಾರಕ್ಕೆ ಹೋಗುವವರು ಅನಾಥಾಶ್ರಮದ ಕೆಲಸವನ್ನು ಒಪ್ಪಿಕೊಳ್ಳದಿದ್ದರೇ ಒಳ್ಳೆಯದು. ಹಚ್ಚಿಕೊಂಡ ಮಕ್ಕಳನ್ನು ಮತ್ತೆ ಮತ್ತೆ ಯಾರಾದರೂ ಬಿಟ್ಟುಹೋಗುತ್ತಲೇ ಇರುತ್ತಾರೆ.

ಕೊನೆಗೆ ಮಲೇರಿಯಾ. ಮುಂಜಾಗ್ರತೆ ಮಾತ್ರೆ ಯಾವುದು ಅಂತ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಊರಿಗೆ ವಾಪಸ್ ಬಂದ ಮೇಲೂ ಕೆಲವು ದಿನ ಅದನ್ನು ನುಂಗಬೇಕು. ಮಾತ್ರೆ ನೋಡಿಕೊಂಡು ಒಂದು ವಾರದಿಂದ ನಾಲ್ಕು ವಾರದವರೆಗೆ. ರಾತ್ರಿ ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಬಂದು ತಿಂಗಳುಗಳ ನಂತರ ಜ್ವರ ಬಂದರೂ, ವೈದ್ಯರು ಕೇಳದಿದ್ದರೂ, 'ಆಫ್ರಿಕಾಗೆ ಹೋಗಿದ್ದೆ' ಅಂತ ಮೊದಲು ಹೇಳಿ.