ಹಳದಿ ಇರಲಿ, ಕೊಳೆ ಹೋಗಲಿ

ಬೀದರಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಪಿಯಾನೊ ತುಂಬಾ ಹಳೆಯದು. ಬಿಳಿ ಕೀಗಳೆಲ್ಲ ಹಳದಿಗೆ ತಿರುಗಿವೆ, ಮೇಲೆ ಬೆರಳಿನ ಜಿಡ್ಡು ಬೇರೆ. ಈ ಸಲ ಬೇಸಿಗೆಯಲ್ಲಿ ಹೋದಾಗ ಸ್ವಚ್ಛ ಮಾಡೋಣ ಅಂತ ಕೂತೆ. ಅಷ್ಟರಲ್ಲಿ ಅವರ ಮಗ ಯಾವುದೋ ವಿಡಿಯೊ ನೋಡಿ ನಿಂಬೆಹಣ್ಣು, ಟೂತ್‌ಪೇಸ್ಟ್, ಸ್ಯಾನಿಟೈಸರ್ ಎಲ್ಲ ತಂದಿಟ್ಟ. "ಬಿಳೀ ಆಗ್ತಾವ ನೋಡಕ್ಕ" ಅಂದ. ಒಂದನ್ನೂ ಹಚ್ಚಲು ಬಿಡಲಿಲ್ಲ.

ಮೊದಲು ಕೀ ಯಾವುದರದ್ದು ಅಂತ ನೋಡಬೇಕು. ಇದು ಆನೆದಂತ. ಬೆಳಕಿಗೆ ಓರೆಯಾಗಿ ನೋಡಿದರೆ ತೆಳ್ಳನೆಯ ಗೆರೆಗಳು ಕಾಣುತ್ತವೆ, ಕರಿ ಕೀ ಶುರುವಾಗುವ ಕಡೆ ಎರಡು ತುಂಡು ಕೂಡಿಸಿದ ಅಡ್ಡಗೆರೆಯೂ ಇದೆ. ಪ್ಲಾಸ್ಟಿಕ್ ಆದರೆ ಒಂದೇ ತುಂಡು. ನಮ್ಮ ಹಲ್ಲಿನ ಹಾಗೆ ದಂತಕ್ಕೂ ಹುಳಿ ಆಗುವುದಿಲ್ಲ. ಪೇಸ್ಟಿನ ಪುಡಿ ಹೊಳಪು ಕೀಳುತ್ತದೆ. ಸ್ಯಾನಿಟೈಸರ್ ತಾಗಿದರೆ ಕರಿ ಕೀಯ ಬಣ್ಣ ಏಳಬಹುದು, ಪ್ಲಾಸ್ಟಿಕ್ ಬಿರುಕು ಬಿಡಬಹುದು. ಇನ್ನು ಈ ಹಳದಿ ಕೊಳೆಯೇ ಅಲ್ಲ, ದಂತಕ್ಕೆ ವಯಸ್ಸಾದಾಗ ಬರುವ ಬಣ್ಣ. ನನಗಂತೂ ಅದೇ ಚಂದ.

ಮಾಡಿದ್ದು ಇಷ್ಟೇ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದೆ. ಹಳೇ ಧೋತರದ ತುಂಡು ಒದ್ದೆ ಮಾಡಿ, ಒಂದು ಹನಿಯೂ ಉಳಿಯದ ಹಾಗೆ ಹಿಂಡಿ, ಕೀಯ ಹಿಂದಿನಿಂದ ನನ್ನ ಕಡೆಗೆ ಉದ್ದಕ್ಕೆ ಎಳೆದು ಒರೆಸಿದೆ; ಅಡ್ಡ ಒರೆಸಿದರೆ ಕೊಳೆನೀರು ಸಂದಿಗೆ ಇಳಿಯುತ್ತದೆ, ಒಳಗಿರುವುದು ಕಟ್ಟಿಗೆ ಮತ್ತು ಉಣ್ಣೆಯ ಫೆಲ್ಟ್, ಎರಡೂ ನೀರು ಕುಡಿದು ಉಬ್ಬಿದರೆ ಕೀ ಒತ್ತಿದಲ್ಲೇ ಕೂತುಬಿಡುತ್ತದೆ. ಜಿಡ್ಡು ಬಿಡದ ಕಡೆ ಮಾತ್ರ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು. ನಾಲ್ಕೈದು ಕೀ ಒರೆಸುವುದು, ಹಿಂದೆಯೇ ಒಣ ಬಟ್ಟೆ, ಆಮೇಲೆ ಮುಂದಿನವು. 52 ಬಿಳಿ ಕೀ ಮುಗಿದ ಮೇಲೆ 36 ಕರಿ ಕೀಗಳಿಗೆ ಬೇರೆ ಬಟ್ಟೆ. ಕರಿ ಬಣ್ಣ ಬಿಟ್ಟರೆ ಬಿಳಿಗೆ ಹತ್ತುತ್ತದೆ ಅಲ್ವಾ?

ಮಧ್ಯದ ಕೆಲವು ಕೀಗಳು ಮೊದಲಿಂದಲೂ ಸಿಕ್ಕಿಕೊಳ್ಳುತ್ತಿದ್ದವು. ಎದುರಿಗೇ ಕೂಲರ್ ಇತ್ತು. ನಮ್ಮ ಕಡೆ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಆಗುವುದಿಲ್ಲ, ನಿಜ. ಆದರೆ ಅದು ಊದುವುದು ನೀರಿನ ಪಸೆ ತುಂಬಿದ ಗಾಳಿ, ನಾವು ಬಟ್ಟೆ ಎಷ್ಟು ಹಿಂಡಿದರೇನು! ಅದನ್ನು ಬೇರೆ ಕಿಟಕಿಗೆ ಸರಿಸಿದೆವು. ಮುಚ್ಚಳ ಯಾವಾಗಲೂ ಮುಚ್ಚಿಡಬೇಡಿ ಅಂತಲೂ ಹೇಳಿದೆ. ಕತ್ತಲಲ್ಲಿ ದಂತ ಇನ್ನೂ ಜಾಸ್ತಿ ಹಳದಿಯಾಗುತ್ತದೆ. ಬೆಳಕು ಬೇಕು, ನೇರ ಬಿಸಿಲು ಬೇಡ.

ಒಂದು ಕೀಯ ದಂತದ ಚೂರು ಎಂದೋ ಎದ್ದುಹೋಗಿತ್ತು. ದೊಡ್ಡಮ್ಮ ಅದನ್ನು ಬಳೆ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಎಂಥ ಒಳ್ಳೆ ಕೆಲಸ ಮಾಡಿದ್ದರು! ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷೇಧ, ಹೊಸದು ಕೊಳ್ಳುವ ಮಾತೇ ಇಲ್ಲ, ಇರಲೂ ಬಾರದು. ತಮ್ಮ ಆಗಲೇ ಗಮ್ ಹಿಡಿದು ನಿಂತಿದ್ದ. ದಂತದ ಪಟ್ಟಿ ತೆಳ್ಳಗಿರುತ್ತದೆ, ಅದರೊಳಗೆ ಬೆಳಕು ಹಾಯುತ್ತದೆ. ಅಡಿಯಲ್ಲಿ ಬಿಳಿ ಅಂಟೇ ಬೇಕು, ಇಲ್ಲದಿದ್ದರೆ ಕಟ್ಟಿಗೆಯ ಬಣ್ಣ ಮೇಲೆ ಕಾಣುತ್ತದೆ. "ಹೈದರಾಬಾದಿನಿಂದ ಟ್ಯೂನರ್ ಬರ್ತಾರಲ್ಲ, ಅವರೇ ಹಚ್ಚಲಿ" ಅಂದೆ. ದೊಡ್ಡಮ್ಮ ಡಬ್ಬಿ ಇಸಿದುಕೊಂಡು, "ಅಲ್ಲೀತನಕ ಇದು ನನ್ನ ಕಡೀನೇ ಇರಲಿ" ಅಂದರು.