ಅಜ್ಜಿಯನ್ನು ಕಳಿಸಿದವರು ಯಾರು, ಕರೆದುಕೊಂಡವರು ಯಾರು?

ಬೆಂಗಳೂರಿನ ಯಾವುದೇ ದೊಡ್ಡ ಬಡಾವಣೆ ತೆಗೆದುಕೊಳ್ಳಿ. ಒಂದು ವೃದ್ಧಾಶ್ರಮ, ಒಂದು ಡೇ ಕೇರ್, ಮನೆಗೆ ಊಟ ತಲುಪಿಸುವ ಟ್ರಸ್ಟ್, ಕಾನೂನು ಸಲಹೆ ಕೊಡುವವರು, ಹೀಗೆ ಹಿರಿಯರಿಗಾಗಿ ದುಡಿಯುವ ನಾಲ್ಕೈದು ಸಂಸ್ಥೆಗಳಾದರೂ ಸಿಗುತ್ತವೆ. ಸಮನ್ವಯ ಸಭೆ ಅಂತ ಸೇರುತ್ತಾರೆ, ಶಾಲು ಹೊದಿಸುತ್ತಾರೆ, ಕಾರ್ಡು ಹಂಚಿಕೊಳ್ಳುತ್ತಾರೆ. ಶುಕ್ರವಾರ ಸಂಜೆ ಆರಕ್ಕೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಅಜ್ಜಿಯನ್ನು ಎಲ್ಲಿಗೆ ಕರೆದೊಯ್ಯುವುದು ಅಂದಾಗ ಆ ಕಾರ್ಡುಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ.

ಏಕೆಂದರೆ ಸಂಪರ್ಕ ಪಟ್ಟಿಯಲ್ಲಿ ಯಾರು ಏನು ಮಾಡುತ್ತಾರೆ ಅಂತ ಇರುತ್ತದೆ, ಯಾರನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಇರುವುದಿಲ್ಲ. ಪಟ್ಟಿ ಮಾಡುವಾಗ ಕೇಳಬೇಕಾದ್ದು ಇದನ್ನೇ: ಹಾಸಿಗೆ ಹಿಡಿದವರನ್ನು ತೆಗೆದುಕೊಳ್ಳುತ್ತೀರಾ? ಮೂತ್ರಕ್ಕೆ ನಳಿಕೆ (ಕ್ಯಾತಿಟರ್) ಹಾಕಿದ್ದರೆ? ಮರೆವಿನ ಕಾಯಿಲೆ ಇದ್ದು ರಾತ್ರಿ ಎದ್ದು ಓಡಾಡುವವರನ್ನು? ಮಕ್ಕಳಿದ್ದೂ ಅವರು ನೋಡಿಕೊಳ್ಳದ ಹಿರಿಯರನ್ನು? ಆಧಾರ್ ಇಲ್ಲದಿದ್ದರೆ? ಠಾಣೆಯ ಪತ್ರ ಬೇಕೇ? ಠೇವಣಿ ಎಷ್ಟು? ‘ಎಲ್ಲರಿಗೂ ಸ್ವಾಗತ’ ಅನ್ನುವ ಆಶ್ರಮಗಳಲ್ಲೂ ತಾನಾಗಿ ನಡೆದು ಶೌಚಕ್ಕೆ ಹೋಗಬಲ್ಲವರಿಗೆ ಮಾತ್ರ ಜಾಗ ಇರುವುದು ಸಾಮಾನ್ಯ. ಅದು ತಪ್ಪೂ ಅಲ್ಲ, ರಾತ್ರಿ ಪಾಳಿಗೆ ಒಬ್ಬರೇ ಆಯಾ ಇರುವ ಕಡೆ ಬೇರೆ ದಾರಿಯಿಲ್ಲ. ಮುಂಚೆಯೇ ಗೊತ್ತಿದ್ದರೆ ಅಜ್ಜಿಯನ್ನು ಆಟೋದಲ್ಲಿ ಮೂರು ಬಾಗಿಲು ಸುತ್ತಿಸುವುದು ತಪ್ಪುತ್ತದೆ. ಈ ಪಟ್ಟಿಯ ಒಂದು ಪ್ರತಿಯನ್ನು ಹಿರಿಯರ ಸಹಾಯವಾಣಿಗಳಿಗೂ ಕೊಡಿ: ದೇಶಕ್ಕೆಲ್ಲ ಇರುವ 14567, ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಶುರುಮಾಡಿದ 1090.

ಆಶ್ರಮಗಳಿಂದ ಖಾಲಿ ಹಾಸಿಗೆಯ ಲೆಕ್ಕ ಪ್ರತಿ ಸೋಮವಾರ ಬೆಳಿಗ್ಗೆ ಒಂದೇ ಸಾಲಿನಲ್ಲಿ ಬರಲಿ: ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು, ಹಾಸಿಗೆ ಹಿಡಿದವರಿಗೆ ಎಷ್ಟು. ಇದಕ್ಕೆ ಬೇರೆಯದೇ ವಾಟ್ಸಾಪ್ ಗ್ರೂಪ್ ಇರಬೇಕು, ಇಲ್ಲದಿದ್ದರೆ ಶುಭೋದಯದ ಗುಲಾಬಿ ಹೂಗಳ ನಡುವೆ ಹಾಸಿಗೆ ಕಳೆದುಹೋಗುತ್ತದೆ. ಹಿರಿಯರ ಫೋಟೋ, ಆಧಾರ್ ಪ್ರತಿ, ಕಾಯಿಲೆಯ ವಿವರ ಗ್ರೂಪಿಗೆ ಹಾಕಲೇಬಾರದು. ಅವು ಕಳಿಸುವವರಿಂದ ತೆಗೆದುಕೊಳ್ಳುವವರಿಗೆ ಮಾತ್ರ ಹೋಗಬೇಕು, ಅದೂ ಹಿರಿಯರ ಸಹಿ ಅಥವಾ ಹೆಬ್ಬೆಟ್ಟು ಪಡೆದ ಮೇಲೆ.

ಕಳಿಸುವಾಗ ಜೊತೆಗೆ ಅರ್ಧ ಹಾಳೆಯ ಒಂದು ಚೀಟಿ ಸಾಕು. ಹೆಸರು, ವಯಸ್ಸು, ಆಡುವ ಭಾಷೆ. ತಾನೇ ಊಟ ಮಾಡುತ್ತಾರಾ, ಕಳೆದ ಬಾರಿ ಬಿದ್ದದ್ದು ಯಾವಾಗ. ಮಾತ್ರೆಗಳ ಹೆಸರನ್ನು ಕೈಬರಹದಲ್ಲಿ ಬರೆಯುವುದಕ್ಕಿಂತ ಖಾಲಿ ಸ್ಟ್ರಿಪ್ಪುಗಳನ್ನೇ ಪಿನ್ ಮಾಡಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಯಂತ್ರ ಜೊತೆಗೆ ಬಂದಿವೆಯಾ ಅಂತ ಗುರುತು ಹಾಕಿ. ಹಲ್ಲಿನ ಸೆಟ್ಟು ಆಸ್ಪತ್ರೆಯ ಲಾಕರಿನಲ್ಲೇ ಉಳಿದರೆ, ‘ಅಜ್ಜಿ ಊಟ ಬಿಟ್ಟಿದ್ದಾರೆ’ ಅಂತ ಹೊಸ ಜಾಗದವರು ವಾರಗಟ್ಟಲೆ ಚಿಂತೆ ಮಾಡುತ್ತಾರೆ. ಪಿಂಚಣಿ ಯಾವ ಬ್ಯಾಂಕಿಗೆ ಅಥವಾ ಅಂಚೆ ಕಚೇರಿಗೆ ಬರುತ್ತದೆ, ಪಾಸ್‌ಬುಕ್ ಯಾರ ಕೈಯಲ್ಲಿದೆ ಅನ್ನುವುದೂ ಇರಲಿ. ಕೊನೆಯ ಸಾಲು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ: ತೀರಿಕೊಂಡರೆ ಯಾರಿಗೆ ತಿಳಿಸಬೇಕು, ಮಣ್ಣು ಮಾಡಬೇಕೋ ಸುಡಬೇಕೋ. ಕೇಳಿಟ್ಟುಕೊಳ್ಳದಿದ್ದರೆ ಆ ದಿನ ಎರಡು ಸಂಸ್ಥೆಗಳ ನಡುವೆ ಶವ ಕಾಯುತ್ತದೆ.

ಸೇರಿಸಿದ ಮೂರನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ ಕಳಿಸಿದವರೇ ಫೋನ್ ಮಾಡಬೇಕು. ಹೊಂದಿಕೆಯಾಗದವರು ‘ಮನೆಗೆ ಹೋಗುತ್ತೇನೆ’ ಅಂತ ಚೀಲ ಕಟ್ಟುವುದು ಈ ದಿನಗಳಲ್ಲೇ.

ಕಾನೂನಿನ ಕಡೆಯ ಕೆಲಸವನ್ನು ಒಂದೇ ಸಂಸ್ಥೆಗೆ ಬಿಡುವುದು ಒಳ್ಳೆಯದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 5ನೇ ಕಲಮಿನಲ್ಲಿ, ಸ್ವತಃ ಅರ್ಜಿ ಹಾಕಲಾಗದ ಹಿರಿಯರ ಪರವಾಗಿ ಅವರು ಅಧಿಕಾರ ಕೊಟ್ಟ ನೋಂದಾಯಿತ ಸಂಸ್ಥೆಯೂ ಅರ್ಜಿ ಹಾಕಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಮಾಸಿಕ ಜೀವನಾಂಶದ ಅರ್ಜಿ ನೋಟಿಸ್ ಜಾರಿಯಾದ 90 ದಿನಗಳಲ್ಲಿ ಇತ್ಯರ್ಥವಾಗಬೇಕು, ಹೆಚ್ಚೆಂದರೆ ಇನ್ನೂ 30 ದಿನ. ಮನೆ ಬರೆದುಕೊಟ್ಟ ಪ್ರಕರಣವಾದರೆ ಮೊದಲು ದಾನಪತ್ರದ ಪ್ರತಿ ತರಿಸಿ, ನೋಡಿಕೊಳ್ಳಬೇಕೆಂಬ ಷರತ್ತು ಅದರಲ್ಲಿದೆಯೇ ಓದಿ. ನೋಡಿಕೊಳ್ಳದಿದ್ದರೆ ಬರೆದುಕೊಟ್ಟದ್ದನ್ನು ರದ್ದು ಮಾಡಿಸಬಹುದು ಅನ್ನುವ 23ನೇ ಕಲಮಿನ ವಾದವೆಲ್ಲ ಸುತ್ತುವುದು ಅದರ ಸುತ್ತಲೇ.

ಇನ್ನು ದುಡ್ಡು. ಒಬ್ಬರೇ ಅಜ್ಜಿಯನ್ನು ಎರಡು ಸಂಸ್ಥೆಗಳು ತಮ್ಮ ವರದಿಯಲ್ಲಿ ಎಣಿಸಿ, ದಾನಿಗೆ ಗೊತ್ತಾದ ದಿನ ಸ್ನೇಹ ಮುರಿಯುತ್ತದೆ. ಕಳಿಸಿದವರು ‘ಗುರುತಿಸಿದ್ದು’, ಇಟ್ಟುಕೊಂಡವರು ‘ಆರೈಕೆ’ ಎಂಬ ಬೇರೆ ಬೇರೆ ಕಾಲಮಿನಲ್ಲಿ ಬರೆದರೆ ಜಗಳವಿಲ್ಲ. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಂದ ತಿದ್ದುಪಡಿ ನಿಷೇಧಿಸಿದೆ. ಹಾಗಾಗಿ ದೊಡ್ಡವರು ಹಣ ತಂದು ಚಿಕ್ಕವರಿಗೆ ಹಂಚುವ ಹಳೆಯ ಪದ್ಧತಿ ಆ ದುಡ್ಡಿಗೆ ನಡೆಯದು.

ಸುಲಭದ ಸಹಕಾರ ಬೇಕಿದ್ದರೆ ಅಕ್ಟೋಬರ್ 1ರಿಂದ ಶುರುಮಾಡಿ. ಹಿರಿಯರ ದಿನದಂದು ಒಂದೇ ಆಶ್ರಮಕ್ಕೆ ನಾಲ್ಕು ತಂಡ ಕಂಬಳಿ, ಬಾಳೆಹಣ್ಣು ಹೊತ್ತು ಬರುತ್ತವೆ. ಅಲ್ಲಿ ನಿಜಕ್ಕೂ ಸಾಲದಿರುವುದು ದೊಡ್ಡವರ ಡೈಪರ್. ಒಬ್ಬರಿಗೆ ದಿನಕ್ಕೆ ಮೂರು ಅಂದರೂ ತಿಂಗಳಿಗೆ 90, ಹಾಸಿಗೆ ಹಿಡಿದ ಹತ್ತು ಜನರಿಗೆ 900. ನಾಲ್ಕು ತಂಡ ಸೇರಿ ಸಗಟು ಅಂಗಡಿಯಲ್ಲಿ ಕೊಳ್ಳಿ, ಕೊಳ್ಳುವ ಮುಂಚೆ ಆಯಾಗೆ ಫೋನ್ ಮಾಡಿ ಸೈಜ್ ಕೇಳಿ. ಎಲ್ಲರೂ ಎಕ್ಸ್‌ಎಲ್ ತರುತ್ತಾರೆ, ಸೊರಗಿದ ಅಜ್ಜಿಯರಿಗೆ ಅದು ಸಡಿಲವಾಗಿ ಸೋರುತ್ತದೆ.